ಏರಿಗೆ ಹೇಳಿದ್ದು

ನಮ್ಮೂರ ಕೆರೆಯ ಏರಿಯನ್ನು ಯಾರೂ ಹೊಗಳಬಾರದು. ಹೊಗಳಿದರೆ ಅದು ಬೆಳೆಯುತ್ತದೆ. ಬೆಳೆಯಲಿ ಬಿಡಿ, ಏರಿ ಎತ್ತರವಾದಷ್ಟೂ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದಲ್ಲ ಎಂದು ಹೊರಗಿನವರು ಹೇಳುತ್ತಾರೆ. ಅವರಿಗೇನು ಗೊತ್ತು. ಏರಿಯೆಂದರೆ ನಮ್ಮ ಮುತ್ತಜ್ಜಂದಿರು ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು. ಹೊಗಳಿಕೆಗೆ ಅದು ಎದ್ದು ನಿಲ್ಲುತ್ತದೆಯೇ ಹೊರತು ಒಳಗಿನ ಮಣ್ಣು ಹೆಚ್ಚಾಗುವುದಿಲ್ಲ. ಮೈ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಜಿನುಗುತ್ತದೆ, ಆಮೇಲೆ ಏರಿಯೂ ಇಲ್ಲ, ಕೆರೆಯೂ ಇಲ್ಲ, ಕೆಳಗಿನ ಮುನ್ನೂರು ಎಕರೆ ಗದ್ದೆಯೂ ಇಲ್ಲ. ಅದಕ್ಕೇ ದಿನವೂ ಬೆಳಿಗ್ಗೆ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಮೊದಲು ಒಬ್ಬರು ಏರಿಯ ಮೇಲೆ ನಿಂತು ಅದನ್ನು ಮನಸಾರೆ ಬೈಯಬೇಕು. ಬೈಸಿಕೊಂಡ ಏರಿ ತಗ್ಗುತ್ತದೆ, ಮಣ್ಣು ಮಣ್ಣಿಗೆ ಕೂತು ಗಟ್ಟಿಯಾಗುತ್ತದೆ.

ನಾನು ಮದುವೆಯಾಗಿ ಈ ಊರಿಗೆ ಬರುವುದಕ್ಕೆ ಮೊದಲು, ಪಟೇಲರ ಮನೆಗೆ ಬಂದ ಬೀಗರೊಬ್ಬರು ಸಂಜೆ ಗಾಳಿಗೆಂದು ಏರಿ ಹತ್ತಿದ್ದರಂತೆ. ಸುತ್ತ ನೋಡಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಇಂಥ ಏರಿ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ ಎಂದರಂತೆ. ಮಾತು ಮುಗಿಯುವಷ್ಟರಲ್ಲಿ ಏರಿ ಒಂದು ಮೊಳ ಎದ್ದು, ಬೀಗರು ಗದ್ದೆಯ ಕಡೆಗೆ ಉರುಳಿಕೊಂಡು ಹೋದರು. ಬಿರುಕಿನಲ್ಲಿ ಒಂದು ಎಮ್ಮೆಯ ಹಿಂಗಾಲು ಸಿಕ್ಕಿಕೊಂಡಿತು. ಮಾರನೇ ದಿನ ಮಧ್ಯಾಹ್ನದವರೆಗೆ ಊರವರೆಲ್ಲ ಸರದಿಯ ಮೇಲೆ ಬೈದು ಏರಿಯನ್ನು ಇಳಿಸಿದರು. ಬೀಗರು ಎದ್ದು ಓಡಾಡಿದರು, ಎಮ್ಮೆ ಮಾತ್ರ ಒಂದು ತಿಂಗಳು ಹಾಲು ಕೊಡಲಿಲ್ಲ.

ಏರಿಗೆ ಇನ್ನೊಂದು ದೋಷವಿದೆ. ಯಾರು ಯಾರನ್ನು ಹೊಗಳಿದರೂ ಅದು ತನ್ನನ್ನೇ ಹೊಗಳಿದರೆಂದುಕೊಳ್ಳುತ್ತದೆ. ಊರಿರುವುದು ಏರಿಯ ಬುಡದಲ್ಲೇ. ಹಾಗಾಗಿ ಇಲ್ಲಿ ಯಾರೂ ಯಾವುದನ್ನೂ ಚೆನ್ನಾಗಿದೆ ಎನ್ನುವ ಹಾಗಿಲ್ಲ. ಹೊಸ ಸೀರೆ ಉಟ್ಟವಳಿಗೆ, ಏನೋ ಮೈ ಮುಚ್ಚುತ್ತೆ ಎನ್ನುತ್ತಾರೆ. ಹಬ್ಬದ ಊಟ ಉಂಡೆದ್ದವರು ಎಲೆ ಮಡಿಸುತ್ತಾ, ವಿಷ ಅಲ್ಲ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿ ಒಪ್ಪಿಗೆಯಾದರೆ, ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇವೆ ಎಂದು ಹೇಳಿ ತಾಂಬೂಲ ತೆಗೆದುಕೊಳ್ಳುತ್ತಾರೆ. ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಅದರಲ್ಲೇ ಸಿಹಿ ತಿಳಿಯುತ್ತದೆಯಂತೆ. ಅಭ್ಯಾಸವಾಗುವವರೆಗೆ ಮಾತ್ರ ಕಷ್ಟ.

ತೂಬು ಎತ್ತಿ ಇಳಿಸುವ ನೀರುಗಂಟಿಯ ಕೆಲಸ ನಮ್ಮ ಮನೆಯದು. ಗಂಡಸರು ನೀರು ಬಿಡುತ್ತಾರೆ, ಹೆಂಗಸರು ಬೈಯುತ್ತಾರೆ. ನನ್ನ ಅತ್ತೆ ತಿಮ್ಮಾಜಮ್ಮನವರು ನಲವತ್ತು ವರ್ಷ ಬೈದವರು. ಹೊತ್ತು ಮೂಡುತ್ತಿದ್ದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿ ಹತ್ತುತ್ತಿದ್ದರು. ಏರಿಯ ನಡುವೆ ಒಂದು ಅಳತೆಗಲ್ಲಿದೆ, ಬಂಡೆಯವರೆಗೆ ಇಳಿಸಿ ನೆಟ್ಟದ್ದು, ಅಲುಗುವುದಿಲ್ಲ. ಅದರ ಮೇಲೆ ಕೊರೆದ ಗೆರೆಗೆ ಸರಿಯಾಗಿ ಮಣ್ಣು ನಿಂತಿರಬೇಕು. ಗೆರೆ ಮುಚ್ಚಿದ್ದರೆ ಏರಿ ಎದ್ದಿದೆ ಎಂದರ್ಥ. ಅತ್ತೆ ಗೆರೆ ನೋಡಿ, ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು.

"ಇನ್ನೂ ನಿಂತಿದೀಯಾ? ಇಲಿ ತೋಡಿ ಹಾಕಿದ ಗುಡ್ಡೆಗೂ ನಿನಗಿಂತ ಮಾನ ಐತೆ. ಎಮ್ಮೆ ಮಲಗಿ ಎದ್ದುಹೋದ ಜಾಗ ನಿನಗಿಂತ ನೆಟ್ಟಗಿರ್ತದೆ. ನಿನ್ನ ನಂಬ್ಕಂಡು ನೀರು ನಿಂತೈತಲ್ಲ, ಅದುಕ್ಕೆ ಬುದ್ಧಿ ಇಲ್ಲ."

ಇದಕ್ಕೂ ಕಟ್ಟುಪಾಡುಗಳಿವೆ. ಒಂದು ಬೈಗುಳವನ್ನು ಅದೇ ವಾರ ಮತ್ತೆ ಬೈಯಬಾರದು, ಏರಿಗೆ ಅಸಡ್ಡೆ ಬರುತ್ತದೆ. ಅಪ್ಪ ಅಮ್ಮನನ್ನು ಎತ್ತಿ ಆಡಬಾರದು, ಏರಿಯನ್ನು ಕಟ್ಟಿದವರು ನಮ್ಮ ಮುತ್ತಜ್ಜಂದಿರೇ ಆದ್ದರಿಂದ ಅದು ನಮಗೇ ತಾಗುತ್ತದೆ. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಬೈದರೆ ನಡೆಯುವುದಿಲ್ಲ. ಅತ್ತೆಗೆ ಈ ಕೊನೆಯದು ಯಾವತ್ತೂ ತೊಂದರೆಯಾಗಲಿಲ್ಲ.

ನನ್ನ ಹೆಸರು ವನಜ. ನನ್ನ ತವರಿನಲ್ಲಿ ಉಪ್ಪಿಗೂ ಎರಡು ಒಳ್ಳೆಯ ಮಾತು ಹೇಳಿ ಡಬ್ಬಿಯಿಂದ ತೆಗೆಯುವವರು. ಮದುವೆಯಾಗಿ ಬಂದ ದಿನ ಮೊದಲ ತುತ್ತಿಗೇ, ಅತ್ತೆ, ಸಾರು ಬಹಳ ಚೆನ್ನಾಗಿದೆ ಎಂದುಬಿಟ್ಟೆ. ಅತ್ತೆ ಎಂಜಲು ಕೈಯನ್ನೇ ತಂದು ನನ್ನ ಬಾಯಿಗೆ ಅಡ್ಡ ಇಟ್ಟರು. ನಮ್ಮ ಮನೆಯವರು ಊಟ ಬಿಟ್ಟೆದ್ದು ಅಳತೆಗಲ್ಲು ನೋಡಲು ಓಡಿದರು. ಹೊಸ ಹೆಂಡತಿಯ ಎದುರು ಗಂಡ ಹಾಗೆ ಎದ್ದು ಓಡಿದ್ದನ್ನು ನಾನು ಇನ್ನೂ ಮರೆತಿಲ್ಲ.

ಆಮೇಲೆ ಒಂಬತ್ತು ವರ್ಷ ಕಳೆಯಿತು. ಅಕ್ಕಪಕ್ಕದ ಮನೆಗಳಲ್ಲಿ ಅತ್ತೆಯಂದಿರು ವಿಷ ಅಲ್ಲ ಎಂದು ಹೇಳಿ ಕಣ್ಣಲ್ಲಾದರೂ ನಗುತ್ತಿದ್ದರು. ನನ್ನ ಅತ್ತೆಯಿಂದ ಅದೂ ಬರಲಿಲ್ಲ. ಸಾಲದ್ದಕ್ಕೆ, ನಾಳೆ ಏರಿಗೆ ಹೇಳಬೇಕಾದ್ದನ್ನು ಇವತ್ತು ನನ್ನ ಮೇಲೆ ಹೇಳಿ ನೋಡುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದರೆ ಹಿಂದೆ ನಿಂತು ಒಂದು ಬೈದು, ಬಗ್ಗಿ ನನ್ನ ಮುಖ ನೋಡುವರು. ಮುಖ ಸಣ್ಣದಾಗಿದ್ದರೆ, ಹೂಂ, ಇದು ನಡೀತದೆ ಎಂದು ಒಳಗೆ ಹೋಗುವರು. ನೋವಾಗುತ್ತಿತ್ತು. ನಗುತ್ತಾ ಹೇಳುತ್ತಿದ್ದೇನೆ ನಿಜ, ಆದರೆ ಆ ಒಂಬತ್ತು ವರ್ಷ ನನಗೆ ನಿಜವಾಗಿಯೂ ನೋವಾಗುತ್ತಿತ್ತು. ಒಂದೇ ಒಂದು ಸಲ, ಏರಿಗೆ ಕೇಳದಂತೆ ಕಿವಿಯಲ್ಲಾದರೂ, ಒಂದು ಒಳ್ಳೆಯ ಮಾತು ಹೇಳಬಾರದೇ ಎಂದುಕೊಳ್ಳುತ್ತಿದ್ದೆ.

ಹತ್ತನೇ ವರ್ಷ ಅತ್ತೆಯ ಹಲ್ಲುಗಳೆಲ್ಲ ಅಲುಗಾಡಿ, ಪಕ್ಕದ ಊರಿನ ಡಾಕ್ಟರು ಒಂದೂ ಬಿಡದೆ ಕಿತ್ತು, ಹೊಸ ಸೆಟ್ಟು ಮಾಡಿಕೊಟ್ಟರು. ಅದು ಚುಚ್ಚುತ್ತದೆಂದು ಅತ್ತೆ ಎರಡೇ ದಿನಕ್ಕೆ ತೆಗೆದು ಗೂಡಿನಲ್ಲಿಟ್ಟರು. ಬೊಚ್ಚುಬಾಯಲ್ಲಿ ಏರಿ ಹತ್ತಿ ಎಂದಿನಂತೆ ಬೈದರು. ಹಲ್ಲಿಲ್ಲದ ಬಾಯಿಂದ ಬಂದ ಬೈಗುಳ ಮೊಮ್ಮಗುವನ್ನು ಮುದ್ದಾಡಿದ ಹಾಗೆ ಕೇಳಿಸಿತು. ಏರಿ ಹಿಗ್ಗಿ ಎರಡು ಬೆರಳು ಎದ್ದಿತು. ಮೂರು ದಿನ ಹೀಗೇ ಆದ ಮೇಲೆ ಪಟೇಲ ಮುದ್ದುವೀರಪ್ಪನವರು ಪಂಚಾಯಿತಿ ಕರೆದು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಾಳೆಯಿಂದ ವನಜ ಬೈಯಲಿ ಎಂದರು. ಅತ್ತೆ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ಅರ್ಧ ಊರು ನೋಡಲು ಬಂದಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಅಳತೆಗಲ್ಲಿನ ಪಕ್ಕ ನಿಂತೆ. ನಾಲಿಗೆ ಹೊರಳಲಿಲ್ಲ. ಕೊನೆಗೆ, ನೋಡು, ತಪ್ಪು ತಿಳಿದುಕೊಳ್ಳಬೇಡ, ನೀನು ಆ ಕಡೆ ಸ್ವಲ್ಪ ಸೊಟ್ಟಗಿದ್ದೀಯ ಎಂದೆ. ಇಷ್ಟು ಮರ್ಯಾದೆಯಿಂದ ಅದನ್ನು ಯಾರೂ ಮಾತನಾಡಿಸಿರಲಿಲ್ಲವೆಂದು ಕಾಣುತ್ತದೆ, ಏರಿ ಮೂರು ಬೆರಳು ಮೇಲೆದ್ದಿತು. ಜನ ಬಿದ್ದು ಬಿದ್ದು ನಕ್ಕರು. ನಾಲ್ಕನೇ ದಿನ ಸಣ್ಣಗೆ ಬಿರುಕು ಕಂಡ ಮೇಲೆ ನಗು ನಿಂತಿತು.

ಅತ್ತೆ ಹೇಳಿಕೊಟ್ಟರು. ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಇಲಿ ಗುಡ್ಡೆ, ಎಮ್ಮೆ ಮಲಗಿದ ಜಾಗ ಎಲ್ಲ ತಪ್ಪಿಲ್ಲದೆ ಒಪ್ಪಿಸಿದೆ. ಏರಿ ಕದಲಲಿಲ್ಲ. ಬೈಗುಳ ಅತ್ತೆಯದು, ಬಾಯಿ ನನ್ನದು, ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ನಮ್ಮ ಮನೆಯವರು ಬುಟ್ಟಿಯಲ್ಲಿ ಜೇಡಿಮಣ್ಣು ಹೊತ್ತು ಬಿರುಕು ಮುಚ್ಚುತ್ತಾ, ಒಂದೇ ಒಂದು ಬೈಗುಳವನ್ನಾದರೂ ಮನಸಾರೆ ಬೈಯಲು ಆಗುವುದಿಲ್ಲವೇ ಎಂದು ಕೇಳಿದರು.

ಆಯಿತು. ಒಂದು ಬೆಳಿಗ್ಗೆ ಮುದ್ದೆಗೆ ಸಾರು ಬಿಟ್ಟುಕೊಂಡು ಬಾಯಿಗಿಟ್ಟ ಅತ್ತೆ, ಇವಳ ಕೈಗೆ ಸಿಕ್ಕರೆ ಉಪ್ಪೂ ಸಪ್ಪೆಯಾಗುತ್ತದೆ ಎಂದರು. ದಿನವೂ ಕೇಳುವ ಮಾತೇ. ಅವತ್ತು ಏಕೋ ಕಣ್ಣು ತುಂಬಿತು. ಹಾಗೇ ಏರಿ ಹತ್ತಿದೆ. ಬಾಯಿಪಾಠ ಮಾಡಿದ್ದೊಂದೂ ನೆನಪಿಗೆ ಬರಲಿಲ್ಲ. ಬಂದದ್ದೇ ಬೇರೆ.

"ನಿನ್ನ ಎದೆ ಕಲ್ಲು. ಒಂಬತ್ತು ವರ್ಷದಿಂದ ನಿನ್ನ ನೆರಳಲ್ಲೇ ಇದೀನಿ, ಒಂದು ದಿನ ನನ್ನ ಕಡೆ ತಿರುಗಿ ನೋಡಿದ್ದೀಯಾ? ನಿನಗೆ ಎಷ್ಟು ಮಾಡಿದರೂ ಅಷ್ಟೆ. ನೀನು ಇದ್ದೂ ಸತ್ತಂಗೆ."

ಏರಿ ಒಮ್ಮೆಲೇ ಒಂದು ಗೇಣು ಕುಸಿಯಿತು. ನನ್ನ ಕಾಲಡಿಯಲ್ಲೇ ಇಳಿದದ್ದರಿಂದ ನನಗೂ ಮೆಟ್ಟಿಲು ತಪ್ಪಿದಂತಾಯಿತು. ಗೆರೆ ಕಾಣಿಸಿತು. ಸಂಜೆ ಪಟೇಲರು ದಾರಿಯಲ್ಲಿ ಸಿಕ್ಕಿ, ಪರವಾಗಿಲ್ಲ, ನೀನು ಪೂರ್ತಿ ದಂಡವಲ್ಲ ಎಂದರು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ನಿಜ ಹೇಳುತ್ತೇನೆ, ಅವತ್ತು ನನಗೆ ಬಹಳ ಹಗುರವಾಯಿತು. ಮಾರನೇ ದಿನ ಯಾವಾಗ ಬೆಳಗಾಗುತ್ತದೋ ಎಂದು ಕಾದೆ. ಅತ್ತೆಗೆ ಹೇಳಲಾಗದ್ದನ್ನೆಲ್ಲ ಒಂದೊಂದಾಗಿ ತೆಗೆದು ಏರಿಗೆ ಹೇಳಿದೆ. ತವರಿಗೆ ಕಳಿಸದ ಗೌರಿ ಹಬ್ಬ, ನಾನು ನೇಯ್ದ ಚಾಪೆಯನ್ನು ಕರುವಿಗೆ ಹಾಸಿದ್ದು, ಎಲ್ಲವನ್ನೂ. ಬೆಳಿಗ್ಗೆ ಸಾಲದೆ ಮಧ್ಯಾಹ್ನ ಗದ್ದೆಗೆ ಬುತ್ತಿ ಒಯ್ಯುವಾಗ ಒಂದು ಸಲ, ಸಂಜೆ ಹಸು ಹೊಡೆದುಕೊಂಡು ಬರುವಾಗ ಒಂದು ಸಲ. ನಮ್ಮ ಮನೆ ಏರಿಯ ಬುಡದಲ್ಲೇ. ಅತ್ತೆ ಹೊತ್ತಿಡೀ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಹಲ್ಲಿನ ಜೊತೆ ಕಿವಿಯೂ ಹೋಗಿರಬೇಕು, ಕೂಗಿದರೂ ತಿರುಗುತ್ತಿರಲಿಲ್ಲ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಏರಿ ದಿನಕ್ಕೊಂದು ಬೆರಳು ಇಳಿಯುತ್ತಾ ಹೋಯಿತು. ಯಾರಿಗೂ ಅದು ತಪ್ಪೆನಿಸಲಿಲ್ಲ, ಏಕೆಂದರೆ ಏರಿ ಏಳುವುದಕ್ಕೆ ಹೆದರಿದವರೇ ಹೊರತು ಇಳಿಯುವುದಕ್ಕೆ ಹೆದರಿದವರು ನಮ್ಮೂರಲ್ಲಿ ಹುಟ್ಟಿಯೇ ಇರಲಿಲ್ಲ. ಹತ್ತುವುದು ಸುಲಭವಾಯಿತೆಂದು ಮುದುಕರು ಸಂತೋಷಪಟ್ಟರು. ಕೆರೆಯಲ್ಲಿ ಆಗ ನೀರೂ ಕಡಿಮೆಯಿತ್ತು. ಅಳತೆಗಲ್ಲು ನನ್ನ ಮೊಣಕಾಲು ದಾಟಿ ಎದ್ದು ನಿಂತಾಗ ನಮ್ಮ ಮನೆಯವರು, ಕಲ್ಲು ಬೆಳೆಯುತ್ತಿದೆ ನೋಡು, ಅದಕ್ಕೂ ಎರಡು ಬೈಯಿ ಎಂದು ತಮಾಷೆ ಮಾಡಿದರು. ಸೊಂಟದವರೆಗೆ ಬಂದಾಗ ತಮಾಷೆ ಬಿಟ್ಟು, ಸಾಕು ಎಂದರು. ನಾನು ಕೇಳಲಿಲ್ಲ. ಇನ್ನೂ ಆರು ವರ್ಷದ್ದು ಬಾಕಿಯಿತ್ತು.

ಚಿತ್ತೆ ಮಳೆ ನಮ್ಮೂರಿಗೆ ಬರಲಿಲ್ಲ, ಮೇಲಿನ ಊರುಗಳಿಗೆ ಬಂತು. ಎರಡು ದಿನ ಹಳ್ಳ ಕೆಂಪಗೆ ಹರಿದು ಕೆರೆಗೆ ಬಿತ್ತು. ಮೂರನೇ ಬೆಳಿಗ್ಗೆ ನಮ್ಮ ಮನೆಯವರು ಏರಿಯಿಂದ ಓಡುತ್ತಾ ಇಳಿದು ಬಂದರು. ಅವರ ಮುಖ ನೋಡಿದ್ದೇ ನಾನು ಕೈಯಲ್ಲಿದ್ದ ಪೊರಕೆ ಬಿಟ್ಟು ಏರಿ ಹತ್ತಿದೆ.

ಕೆರೆಯ ಬಲತುದಿಯಲ್ಲಿ ಕೋಡಿ ಇದೆ. ಕೆರೆ ತುಂಬಿದರೆ ಹೆಚ್ಚಾದ ನೀರು ಅಲ್ಲಿ ಹರಿದು ಹಳ್ಳಕ್ಕೆ ಹೋಗುತ್ತದೆ. ಕೋಡಿ ಕಲ್ಲಿನದು, ಅದಕ್ಕೆ ಹೊಗಳಿದ್ದೂ ತಾಗುವುದಿಲ್ಲ, ಬೈದದ್ದೂ ತಾಗುವುದಿಲ್ಲ. ಅದು ಇದ್ದಲ್ಲೇ ಇತ್ತು. ಎರಡು ಮೊಳ ಮೇಲೆ ಇರಬೇಕಾದ ಏರಿ ಈಗ ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಅಂದರೆ ನೀರು ಕೋಡಿ ಮುಟ್ಟುವ ಮೊದಲೇ ಏರಿಯ ಮೇಲೆ ಹರಿಯುತ್ತದೆ, ಮಣ್ಣಿನ ಏರಿಯ ಮೇಲೆ ನೀರು ಒಮ್ಮೆ ಹರಿಯಿತೆಂದರೆ ಅದು ಸಕ್ಕರೆಯಂತೆ ಕರಗುತ್ತದೆ. ಕೆಳಗೆ ತೆನೆ ಬಾಗಿದ ಮುನ್ನೂರು ಎಕರೆ ಭತ್ತ, ಅದರ ಪಕ್ಕ ನಮ್ಮ ಮನೆಗಳು. ಎಲ್ಲವೂ ನನ್ನ ಬಾಯಿಂದ ಹೋಗುವುದರಲ್ಲಿತ್ತು. ನಮ್ಮ ಮನೆಯವರು ಎರಡೂ ತೂಬುಗಳನ್ನು ಪೂರ್ತಿ ಎತ್ತಿದ್ದರು. ಹೋಗುವ ನೀರಿಗಿಂತ ಬರುವ ನೀರು ಹೆಚ್ಚಿತ್ತು.

ಊರೆಲ್ಲ ಏರಿಯ ಮೇಲೆ ಸೇರಿತು. ಕೆಲವರು ಮಣ್ಣು ತುಂಬಿದ ಚೀಲ ಹೊತ್ತರು. ಆದರೆ ಅರ್ಧ ಮೈಲಿ ಉದ್ದದ ಏರಿಗೆ ಚೀಲ ಎಷ್ಟು ಸಾಕಾದೀತು? ಹೊಗಳಿ ಎಬ್ಬಿಸುವುದೊಂದೇ ದಾರಿ ಎಂದು ಎಲ್ಲರಿಗೂ ಗೊತ್ತಿತ್ತು. ಹೇಗೆ ಹೊಗಳುವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೂರು ತಲೆಮಾರಿನಿಂದ ನಾಲಿಗೆಗೆ ಆ ರೂಢಿಯೇ ಇಲ್ಲ. ಮೊದಲು ಪಟೇಲರು ಮುಂದೆ ಬಂದು, ಪೇಟ ಸರಿಮಾಡಿಕೊಂಡು, ನೀನು ಅಂಥಾ ಕೆಟ್ಟದ್ದೇನಲ್ಲ ಎಂದರು. ಬೆವರು ಒರೆಸಿಕೊಂಡು, ಬೇರೆ ಏರಿಗಳು ಇನ್ನೂ ಕಳಪೆ ಇರುತ್ತವಂತೆ ಎಂದು ಸೇರಿಸಿದರು. ಏರಿ ಉಗುರಿನಷ್ಟು ಎದ್ದು, ಯೋಚಿಸಿ ನೋಡಿ ಮತ್ತೆ ಕೂತಿತು. ಆಮೇಲೆ ಶಾಲೆಯ ಶಂಕರಲಿಂಗಯ್ಯ ಮೇಷ್ಟರು ಬಂದು, ಎಲೈ ಜಲಧಾರಿಣಿಯೇ, ಕೃಷೀವಲಕುಲಪಾಲಿನಿಯೇ ಎಂದು ಕಣ್ಣು ಮುಚ್ಚಿಕೊಂಡು ಕಾಲು ಗಂಟೆ ಹೇಳಿದರು. ಏರಿಗೆ ಅದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ.

ಎಲ್ಲರೂ ನನ್ನ ಕಡೆ ನೋಡಿದರು. ಸಿಹಿ ಮಾತಿನ ಊರಿನಿಂದ ಬಂದವಳು ನಾನೊಬ್ಬಳೇ ತಾನೇ. ನಾನು ಮಣ್ಣಿನ ಮೇಲೆ ಮಂಡಿಯೂರಿ, ನನ್ನ ಚಿನ್ನ, ನನ್ನ ಬಂಗಾರ, ನಿನ್ನಂಥದ್ದು ಎಲ್ಲೂ ಇಲ್ಲ ಎಂದೆ. ಏರಿ ಒಂದು ಬೆರಳು ಎದ್ದಿತು. ಜನ ಉಸಿರು ಬಿಟ್ಟರು. ಅಷ್ಟರಲ್ಲಿ ಅದು ಸರಕ್ಕನೆ ಎರಡು ಬೆರಳು ಇಳಿಯಿತು. ನಿನ್ನೆ ಸಂಜೆ ತಾನೇ ಅದೇ ಬಾಯಿ ಅದನ್ನು ಕಲ್ಲೆದೆ ಎಂದಿತ್ತು. ಎರಡು ತಿಂಗಳು ಬೈಸಿಕೊಂಡು, ಹೆದರಿದಾಗ ಹೇಳಿದ ಮುದ್ದುಮಾತನ್ನು ಯಾರು ನಂಬುತ್ತಾರೆ? ನಾನಾಗಿದ್ದರೂ ನಂಬುತ್ತಿರಲಿಲ್ಲ. ನೀರಿಗೂ ಏರಿಯ ತಲೆಗೂ ನಡುವೆ ಇನ್ನು ನಾಲ್ಕು ಬೆರಳು ಉಳಿದಿತ್ತು. ಕೆಳಗಿನ ಮನೆಗಳಿಂದ ಹೆಂಗಸರು ಮಕ್ಕಳನ್ನೂ ಹಾಸಿಗೆಗಳನ್ನೂ ಹೊತ್ತು ದಿಬ್ಬದ ಕಡೆ ಹೊರಟಿದ್ದರು.

ಆಗ ಅತ್ತೆ ಬಂದರು. ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ನಮ್ಮ ಮನೆಯ ಹಿಂದಿನ ಮೆಟ್ಟಿಲಿಂದ ಏರಿ ಹತ್ತಿದರು. ಹತ್ತಿದಲ್ಲೇ ಕಾಲು ನೀಡಿ ಕೂತರು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದರು. ನಾನು ಓಡಿಹೋಗಿ, ಅತ್ತೆ, ನೀವು ದಿಬ್ಬಕ್ಕೆ ನಡೆಯಿರಿ ಎಂದೆ. ನನ್ನನ್ನು ನೋಡದೆ ಕೋಲಿನಿಂದ ಪಕ್ಕಕ್ಕೆ ತಳ್ಳಿದರು. ಅಂಗೈಯನ್ನು ಏರಿಯ ಮಣ್ಣಿನ ಮೇಲಿಟ್ಟರು. ಹಲ್ಲಿಲ್ಲದ ಬಾಯಿಂದ ಮಾತು ಮೆತ್ತಗೆ ಬಂತು.

"ನೀನು ಬಂದಾಗ ನಾನು ಸರಿಯಾಗಿ ನೋಡಲೂ ಇಲ್ಲ. ಇಷ್ಟು ಸಣ್ಣಗಿತ್ತು, ಇದು ಈ ಊರಲ್ಲಿ ನಿಲ್ತದಾ ಅಂದ್ಕಂಡೆ. ನಿಂತ್ಕಂಡೆ. ನಿಂತಿದ್ದಲ್ಲದೆ ನಮ್ಮನ್ನೂ ನಿಲ್ಲಿಸಿದೆ."

ಏರಿ ಒಂದು ಬೆರಳು ಎದ್ದಿತು. ಅಳತೆಗಲ್ಲಿನ ಹತ್ತಿರ ಕೂತಿದ್ದ ನಮ್ಮ ಮನೆಯವರು ಕೈಯೆತ್ತಿ ತೋರಿಸಿದರು. ಏರಿ ಬಂದಾಗ ತಿಮ್ಮಾಜಮ್ಮನ ಅಮ್ಮನೂ ಹುಟ್ಟಿರಲಿಲ್ಲವಲ್ಲ ಎಂದು ಮೇಷ್ಟರು ಪಿಸುಗುಟ್ಟಿದರು. ಪಟೇಲರು ಅವರ ಕಾಲು ತುಳಿದರು.

"ನಾನು ಏಳೋಕೆ ಮುಂಚೆ ಏಳ್ತೀಯ. ನಂಗೆ ಜ್ವರ ಬಂದಾಗ ಹನ್ನೊಂದು ದಿನ ಪಕ್ಕದಲ್ಲೇ ಕೂತಿದ್ದೆ, ಕಣ್ಣು ಮುಚ್ಚಲಿಲ್ಲ. ನಾನು ಗಂಜಿ ತೆಳ್ಳಗಾಯ್ತು ಅಂತ ಅದುಕ್ಕೂ ಬೈದೆ. ಗಂಜಿ ಸರಿಯಾಗೇ ಇತ್ತು. ಸಾರೂ ಅಷ್ಟೆ. ನನ್ನ ಸಾರಿಗಿಂತ ಒಂದು ಕೈ ಮೇಲು ನಿನ್ನ ಸಾರು. ಸಪ್ಪೆ ಅಂತ ಹೇಳ್ಕಂಡೇ ದಿನಾ ಎರಡು ಸಲ ಬಡಿಸ್ಕಂಡಿಲ್ವಾ?"

ಏರಿ ಸಾರು ಮಾಡುವುದು ಯಾವಾಗ ಎಂದು ಯಾರೂ ಕೇಳಲಿಲ್ಲ. ಅದು ಮೊಳದಷ್ಟು ಎದ್ದಿತ್ತು. ಯಾರನ್ನು ಹೊಗಳಿದರೂ ತನ್ನನ್ನೇ ಎಂದುಕೊಳ್ಳುವ ಅದರ ಗುಣವನ್ನು ನಾವು ಅಷ್ಟು ವರ್ಷ ಶಪಿಸಿದ್ದೆವು. ನಾನು ಅತ್ತೆಯ ಹಿಂದೆ ನಿಂತಿದ್ದೆ. ನನ್ನ ಕಾಲುಗಳು ಮಣ್ಣಿನ ಜೊತೆ ಮೇಲೇಳುತ್ತಿದ್ದವು. ಅತ್ತೆ ಹಿಂದಕ್ಕೆ ತಿರುಗಲೇ ಇಲ್ಲ.

"ಆ ಚಾಪೆ ಕರುಗೆ ಹಾಸಿದ್ದು ನಾನೇ. ಕರು ಚಳಿಗೆ ನಡುಗ್ತಿತ್ತು, ಮನೇಲಿ ಬೆಚ್ಚಗಿರೋದು ಅದೊಂದೇ ಇತ್ತು. ಹೇಳಬೇಕಾಗಿತ್ತು, ಹೇಳಲಿಲ್ಲ. ಎರಡು ತಿಂಗಳಿಂದ ನೀನು ಅಂದಿದ್ದನ್ನೆಲ್ಲ ಜಗಲಿ ಮೇಲೆ ಕೂತು ಕೇಳಿದೀನಿ. ಒಂದೂ ಸುಳ್ಳಿರಲಿಲ್ಲ. ನಲವತ್ತು ವರ್ಷ ಬೈದೂ ಬೈದೂ ನನ್ನ ಬಾಯಿಗೆ ಬೇರೆ ದಾರಿ ಮರೆತೇಹೋಯ್ತು. ನಿನ್ನಂಥದ್ದು ನಮ್ಮ ಮನೆಗೆ ಸಿಕ್ಕಿದ್ದು ನಾವು ಮಾಡಿದ ಪುಣ್ಯ."

ಏರಿ ಎದ್ದಿತು. ಕೋಡಿಯ ಮಟ್ಟ ದಾಟಿ, ಗೆರೆಯ ಕಡೆಗೆ, ನೀರನ್ನು ಕೆಳಗೇ ಬಿಟ್ಟು ಎದ್ದಿತು. ಬಲತುದಿಯಲ್ಲಿ ಕೋಡಿ ಹರಿಯಲು ಶುರುವಾಯಿತೆಂದು ಯಾರೋ ಕೂಗಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದೆ. ಅತ್ತೆ ಮಾತ್ರ ನಿಲ್ಲಿಸಲಿಲ್ಲ. ಒಂಬತ್ತು ವರ್ಷ ಒಳಗಿಟ್ಟದ್ದು ಒಂದೇ ದಾರಿಯಲ್ಲಿ ಬರುತ್ತಿತ್ತು. ನನ್ನ ರಾಗಿರೊಟ್ಟಿ, ನನ್ನ ಜಡೆ, ಹಸು ನನ್ನ ಕೈಗೆ ಮಾತ್ರ ಹಾಲು ಬಿಡುವುದು, ಎಲ್ಲ ಬಂತು. ಗೆರೆ ಮುಚ್ಚಿತು. ಅದರ ಮೇಲೂ ಒಂದು ಗೇಣು ಮಣ್ಣು ಎದ್ದಿತು. ನಮ್ಮ ಮನೆಯವರು ಬಿರುಕು, ಬಿರುಕು ಎಂದು ಕೂಗಿದರು. ಏರಿಯ ಮೈಮೇಲೆ ನನ್ನ ಕಾಲ ಹತ್ತಿರವೇ ಒಂದು ಗೆರೆ ಹಾವಿನಂತೆ ಓಡುತ್ತಿತ್ತು.

ಪಟೇಲರು ನನ್ನ ಕಡೆ ತಿರುಗಿ, ಬೇಗ ಬೈಯಿ ತಾಯಿ ಎಂದರು. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಆರು ವರ್ಷದ ಬಾಕಿ ಇತ್ತೆಂದೆನಲ್ಲ, ಅದರಲ್ಲಿ ಒಂದು ಚೂರೂ ಉಳಿದಿರಲಿಲ್ಲ. ನಾನು ಅಳುತ್ತಾ ತಲೆಯಾಡಿಸಿದೆ.

ಅತ್ತೆ ಆಗ ನನ್ನ ಮುಖ ನೋಡಿದರು. ನೋಡಿ, ಸೆರಗಿನ ಗಂಟು ಬಿಚ್ಚಿದರು. ಅದರೊಳಗೆ ಹಲ್ಲಿನ ಸೆಟ್ಟಿತ್ತು. ಅವಸರವಿಲ್ಲದೆ ಬಾಯಿಗೆ ಹಾಕಿಕೊಂಡು, ಎರಡು ಸಲ ಕಟಕಟ ಕಚ್ಚಿ ನೋಡಿದರು. ಆಮೇಲೆ ನಲವತ್ತು ವರ್ಷದ ಹಳೆಯ ಗಂಟಲಿಂದ ಹೇಳಿದರು.

"ಸಾಕು, ಕೂತ್ಕಾ. ನಾಕು ಮಾತು ಒಳ್ಳೇದಂದ್ರೆ ಮುಗಿಲಿಗೆ ಏಣಿ ಹಾಕ್ತೀಯಾ, ಮೂಗು ಒರೆಸ್ಕಳಕ್ಕೆ ಬರ್ದೋಳೆ."

ನಾನು ಮೂಗು ಒರೆಸಿಕೊಂಡೆ. ಏರಿ ನಿಂತಿತು. ಒಂದು ಕ್ಷಣ ತಡೆದು ಗೆರೆಯ ಮಟ್ಟಕ್ಕೆ ಇಳಿದು, ಮಣ್ಣು ಮಣ್ಣಿಗೆ ಕೂತು, ಬಿರುಕು ಮುಚ್ಚಿಕೊಂಡಿತು.

ಜನ ದಿಬ್ಬದಿಂದ ಹಾಸಿಗೆಗಳನ್ನು ವಾಪಸು ಹೊತ್ತು ತಂದರು. ಪಟೇಲರು ಅತ್ತೆಯ ಎದುರು ನಿಂತು, ಇವತ್ತು ನೀವು ಮಾಡಿದ್ದು ವಿಷ ಅಲ್ಲ ಎಂದರು. ಮನೆಗೆ ಇಳಿಯುವಾಗ ಅತ್ತೆ ನನ್ನ ಭುಜ ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ನಿಂತರು.

"ಅದೆಲ್ಲ ಏರಿಗೆ ಹೇಳಿದ್ದು ಕಣೇ."

"ಗೊತ್ತು ಅತ್ತೆ. ನಾನೂ ಏರಿಗೇ ಹೇಳಿದ್ದು, ಎರಡು ತಿಂಗಳು."

ಅವರು ಕೋಲು ಮುಂದಕ್ಕೂರಿ ಮತ್ತೆ ನಡೆದರು. ಮನೆಗೆ ಬಂದವರೇ ಹಲ್ಲು ತೆಗೆದು ಗೂಡಿನಲ್ಲಿಟ್ಟರು. ಅಲುಗದೆ ಕೂರುತ್ತದಲ್ಲ, ಇಷ್ಟು ದಿನ ಏಕೆ ಹಾಕಿಕೊಳ್ಳಲಿಲ್ಲ, ಏರಿಯ ಕೆಲಸವನ್ನು ನನಗೇಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದೆ. ಚುಚ್ಚುತ್ತದೆ ಎಂದಷ್ಟೇ ಹೇಳಿ ಅಕ್ಕಿಯ ಮೊರ ಎಳೆದುಕೊಂಡರು. ಆ ರಾತ್ರಿಯ ಊಟಕ್ಕೆ ಸಾರು ಸಪ್ಪೆ ಎಂದರು, ಮೂರು ಸಲ ಬಡಿಸಿಕೊಂಡರು.

ಈಗಲೂ ಬೈಯುವವಳು ನಾನೇ. ದಿನಕ್ಕೆ ಒಂದು ಸಲ, ಅಳತೆಯಲ್ಲಿ. ಏರಿಯೆಲ್ಲ ಗೆರೆಗೆ ಸರಿಯಾಗಿದೆ, ಒಂದು ಕಡೆ ಬಿಟ್ಟು. ಅತ್ತೆ ಕಾಲು ನೀಡಿ ಕೂತಿದ್ದ ಜಾಗ ಸುತ್ತಲಿನ ಮಣ್ಣಿಗಿಂತ ಒಂದು ಗೇಣು ಎತ್ತರವೇ ಉಳಿದಿದೆ. ಹೊರಗಿನಿಂದ ಬಂದವರು ಅದೇನೆಂದು ಕೇಳಿದರೆ, ಕಟ್ಟಿದವರು ಸೋಮಾರಿಗಳು, ಅಳತೆ ತಪ್ಪಿದ್ದಾರೆ ಎಂದು ಹೇಳುತ್ತೇವೆ. ಅತ್ತೆಗೆ ಆ ದಿಣ್ಣೆ ಕಂಡರೆ ಆಗದು. ವಾರಕ್ಕೊಂದು ಸಲವಾದರೂ ಜಗಲಿಯಿಂದಲೇ ಕೂಗುತ್ತಾರೆ, ಆ ತುಂಡಿಗೂ ಎರಡು ಬೈಯೇ, ಜನ ಎಡವಿ ಬೀಳ್ತಾರೆ ಎಂದು. ಆಗಲಿ ಅತ್ತೆ ಎನ್ನುತ್ತೇನೆ. ಅಲ್ಲಿಯವರೆಗೆ ಬೈಯುತ್ತಾ ಹೋಗಿ, ಆ ಜಾಗ ಬಂದಾಗ ಬಾಯಿ ಮುಚ್ಚಿ, ಒಂದು ಹೆಜ್ಜೆ ಎತ್ತಿ ಇಟ್ಟು ದಾಟುತ್ತೇನೆ. ಅದನ್ನು ಮಾತ್ರ ಬೈಯುವುದಿಲ್ಲ.